ಫುಲ್ ಟ್ಯಾಂಕ್ ಹಾಕಿಸಿದಾಗ ಮಾತ್ರ ಬರುವ ವಾಸನೆ

ಪ್ರಶ್ನೆ: ನಮ್ಮದು 1997ರ ಮಾರುತಿ 800. ತೀರ್ಥಹಳ್ಳಿಯಲ್ಲಿ ಫುಲ್ ಟ್ಯಾಂಕ್ ಹಾಕಿಸಿಕೊಂಡು ಬಂದರೆ ಒಂದೆರಡು ದಿನ ಹಿಂದಿನ ಸೀಟಿನಲ್ಲಿ ಪೆಟ್ರೋಲ್ ವಾಸನೆ. ಆಮೇಲೆ ತಾನಾಗಿ ಹೋಗುತ್ತದೆ. ಕಾರಿನಡಿ ಒಂದು ಹನಿಯೂ ಕಾಣುವುದಿಲ್ಲ. ಏನಿರಬಹುದು?
— ಓದುಗರೊಬ್ಬರು, ಅರಳಸುರಳಿ

ಉತ್ತರ: ಕಾರು ನಿಲ್ಲಿಸುವ ಶೆಡ್ಡು ಬಚ್ಚಲೊಲೆಯ ಹತ್ತಿರವಿದ್ದರೆ ಇವತ್ತೇ ಕಾರನ್ನು ಅಂಗಳಕ್ಕೆ ತನ್ನಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೇರಿ ಚದುರದೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಬೆರೆತಿದ್ದರೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ನಮ್ಮ ಕಡೆಯ ಬಚ್ಚಲೊಲೆಯಲ್ಲಿ ಕೆಂಡ ಬೇಗ ಆರುವುದಿಲ್ಲ ಎನ್ನುವುದೇ ನನ್ನ ಭಯ.

ಇನ್ನು ವಾಸನೆಯ ಮೂಲ. ಟ್ಯಾಂಕ್ ತುಂಬಿದಾಗ ಮಾತ್ರ ಬರುತ್ತದೆ ಎಂದಿದ್ದೀರಿ, ಅದು ದೊಡ್ಡ ಸುಳಿವು. ತಳ ತೂತಾಗಿದ್ದರೆ ಪೆಟ್ರೋಲ್ ಕಡಿಮೆಯಿದ್ದಾಗಲೂ ಹನಿಯುತ್ತಿತ್ತು. ಹಾಗಾಗಿ ಹುಡುಕಬೇಕಾದದ್ದು ಟ್ಯಾಂಕಿನ ಮೇಲ್ಭಾಗದಲ್ಲಿ: ಪೆಟ್ರೋಲ್ ಹಾಕುವ ಕೊಳವೆಯನ್ನು ಟ್ಯಾಂಕಿಗೆ ಜೋಡಿಸುವ ದಪ್ಪ ರಬ್ಬರ್ ಹೋಸ್, ಗಾಳಿ ಹೊರಬಿಡುವ ಸಣ್ಣ ಪೈಪು, ಗೇಜಿನ ಯೂನಿಟ್ ಕೂರುವಲ್ಲಿನ ಗ್ಯಾಸ್ಕೆಟ್. ತಿರುವುಗಳಲ್ಲಿ ಪೆಟ್ರೋಲ್ ಕುಲುಕಿ ಅಲ್ಲಿಯವರೆಗೂ ಏರುತ್ತದೆ, ಬಿರುಕಿನಲ್ಲಿ ಒಸರುತ್ತದೆ, ನೆಲಕ್ಕೆ ಬೀಳುವ ಮೊದಲೇ ಆರಿಹೋಗುತ್ತದೆ. ಹನಿ ಕಾಣದಿರುವುದು ಅದಕ್ಕೇ.

ಆ ಕಾಲದ ರಬ್ಬರಿಗೆ ಈಗಿನ ಪೆಟ್ರೋಲ್ ಒಗ್ಗುವುದೂ ಕಷ್ಟ. ನಿಮ್ಮ ಕಾರು ತಯಾರಾದಾಗ ಬಂಕಿನಲ್ಲಿ ಎಥೆನಾಲ್ ಬೆರೆಸುತ್ತಿರಲಿಲ್ಲ. 2022ರಲ್ಲಿ ಅದು ಶೇ 10ಕ್ಕೆ ಬಂತು, 2025ಕ್ಕೆ ಶೇ 20 ಆಯಿತು. ಅದರ ಮೇಲೆ ಇಲಿಗಳ ಕಾಟ. ಮಳೆಗಾಲದಲ್ಲಿ ನಿಂತೇ ಇರುವ ಕಾರಿನ ಪೈಪು ಅವುಗಳ ಹಲ್ಲಿಗೆ ಸುಲಭದ ತುತ್ತು.

ಟ್ಯಾಂಕ್ ಅರ್ಧಕ್ಕಿಳಿದ ಮೇಲೆ, ಇಂಜಿನ್ ತಣ್ಣಗಿರುವಾಗ, ಹಗಲು ಬೆಳಕಿನಲ್ಲಿ, ಬ್ಯಾಟರಿಯ ನೆಗೆಟಿವ್ ವೈರು ಕಳಚಿ ನೋಡಿ. ಹೋಸನ್ನು ಬೆರಳಿನಿಂದ ಒತ್ತಿ ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತದೆ. ಧೂಳು ತೊಳೆದುಹೋದ ಗೆರೆ, ಕಂದು ಕಲೆ ಕಂಡರೆ ಜಾಗ ಸಿಕ್ಕಿತೆಂದೇ ಲೆಕ್ಕ. ಏನೂ ಕಾಣದಿದ್ದರೆ ಕ್ಲಾಂಪುಗಳ ಸುತ್ತ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಮುಂದಿನ ಸಲ ಟ್ಯಾಂಕ್ ತುಂಬಿಸಿ ಬಂದಾಗ ಒಸರಿದ ಕಡೆ ಪೌಡರ್ ಒದ್ದೆಯಾಗಿ ಬಣ್ಣ ಗಾಢವಾಗಿರುತ್ತದೆ. ಗೇಜಿನ ಗ್ಯಾಸ್ಕೆಟ್ಟಿಗೆ ಮಾತ್ರ ಟ್ಯಾಂಕ್ ಇಳಿಸಬೇಕಾಗಬಹುದು. ಆ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ವಾಸನೆ ಬಾನೆಟ್ ಕಡೆಯಿಂದಲೂ ಬಂದರೆ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ನಿಮ್ಮದು ಕಾರ್ಬೊರೇಟರ್ ಗಾಡಿ. ಪೆಟ್ರೋಲ್ ಪಂಪಿನ ಒಳಗಿನ ಪೊರೆ ಹರಿದರೆ ಪೆಟ್ರೋಲ್ ಇಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಮಟ್ಟ ಏರಿದ್ದು, ಪೆಟ್ರೋಲ್ ನಾತವೂ ಇದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ.

ಹೊಸ ಹೋಸ್ ಪೆಟ್ರೋಲಿಗೆಂದೇ ಮಾಡಿದ್ದಾಗಿರಲಿ. ತೋಟದ ನೀರಿನ ಪೈಪು ಪೆಟ್ರೋಲಿಗೆ ಬೇಗ ಕೆಡುತ್ತದೆ. ಬಂಕಿನಲ್ಲಿ ನಾಝಲ್ ತಾನಾಗಿ ನಿಂತ ಮೇಲೆ ಮತ್ತೆ ಒತ್ತಿ ತುಂಬಿಸಬೇಡಿ ಎಂದು ಹೇಳಿ. ಟ್ಯಾಂಕೇ ತುಕ್ಕು ಹಿಡಿದಿದ್ದರೆ, ಖಾಲಿ ಮಾಡಿದ್ದೇವಲ್ಲ ಎಂದು ವೆಲ್ಡಿಂಗಿಗೆ ಕೊಡಬೇಡಿ. ತುಂಬಿದ ಟ್ಯಾಂಕಿಗಿಂತ ಬರೀ ಆವಿ ಉಳಿದ ಟ್ಯಾಂಕು ಸಿಡಿಯುವ ಅಪಾಯ ಹೆಚ್ಚು. ಬೇರೆ ಟ್ಯಾಂಕ್ ಹಾಕಿಸಿ.