ಪಾಸ್‌ಪೋರ್ಟಿನಲ್ಲಿ ಕಾಣದ ವೀಸಾ: ಹೊರದೇಶಕ್ಕೆ ಓದಲು ಹೋಗುವ ಮಕ್ಕಳ ಮನೆಯವರಿಗೊಂದು ಪಾಠ



ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರ ಮುಗಿದ ಮೇಲೆ ಎರಡು ಪುಟ ನನಗೆ ಬಿಡುವುದು ರೂಢಿ. ಈ ಸಲದ ವಿಷಯವನ್ನು ನಾನು ಹುಡುಕಿಕೊಂಡು ಹೋಗಲಿಲ್ಲ, ಅದೇ ನಮ್ಮ ಕಚೇರಿಯ ಬಾಗಿಲಿಗೆ ಬಂತು.

2025ರ ಆಗಸ್ಟ್ ತಿಂಗಳು. ಒಂದು ಭಾನುವಾರ ಅಸರ್ ನಮಾಜಿನ ನಂತರ ಒಬ್ಬ ಹುಡುಗಿ ತಾಯಿಯ ಜೊತೆ ಬಿಕ್ಕೋಡಿನ ನಮ್ಮ ಕಚೇರಿಗೆ ಬಂದಳು. ಹಾಸನದಲ್ಲಿ ಬಿಎಸ್ಸಿ ಮುಗಿಸಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿಗೆ ಸೀಟು ಪಡೆದವಳು. ತಂದೆ ಗೂಡ್ಸ್ ಆಟೋ ಓಡಿಸುತ್ತಾರೆ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಬ್ಯಾಂಕಿನ ಸಾಲ ಮಂಜೂರಾಗಿತ್ತು. ವಿಮಾನದ ಟಿಕೆಟ್ಟಿಗೂ ಮೊದಲ ತಿಂಗಳ ಖರ್ಚಿಗೂ ನಮ್ಮ ಟ್ರಸ್ಟಿನ ಎರಡನೇ ಕಂತು ಬರಬೇಕಿತ್ತು. ಆ ಕಂತಿಗೆ ನಾವು ವರ್ಷಗಳಿಂದ ಇಟ್ಟುಕೊಂಡಿದ್ದ ಷರತ್ತು ಒಂದೇ: ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿರುವ ಪುಟದ ಜೆರಾಕ್ಸ್.

ಹುಡುಗಿ ಪಾಸ್‌ಪೋರ್ಟ್ ಕೊಟ್ಟಳು. ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದೆ. ಎಲ್ಲಾ ಖಾಲಿ. "ವೀಸಾ ಆದ ಮೇಲೆ ಬಾಮ್ಮ" ಎಂದೆ. "ಆಗಿದೆ ಸಾರ್, ಈಗ ಅಂಟಿಸೋದಿಲ್ಲವಂತೆ" ಎಂದು ಒಂದು ಇಮೇಲಿನ ಪ್ರಿಂಟ್ ಮುಂದಿಟ್ಟಳು. ಸಮಿತಿಯ ಹಿರಿಯರೊಬ್ಬರು, "ಇಂಥದ್ದನ್ನು ಯಾವ ಅಂಗಡಿಯಲ್ಲಿ ಬೇಕಾದರೂ ಟೈಪ್ ಮಾಡಿಸಬಹುದು" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ದಾನಿಗಳ ಹಣ ನಮ್ಮ ಕೈಯಲ್ಲಿರುವ ಅಮಾನತ್, ಮುಖ ನೋಡಿ ಕೊಡುವಂಥದ್ದಲ್ಲ. ಆದರೆ ಆ ಹುಡುಗಿಯ ಮಾತಿನಲ್ಲೂ ತಪ್ಪಿರಲಿಲ್ಲ. ಅದು ನಮಗೆ ತಿಳಿಯುವ ಹೊತ್ತಿಗೆ ಮೂರು ವಾರ ಕಳೆದಿತ್ತು, ಟಿಕೆಟ್ ದರ ಏರಿತ್ತು. ಆ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಫೈಲು ಹಿಡಿದು ನಾಲ್ಕು ಸಲ ಬಸ್ಸು ಹತ್ತಿ ಬಂದಿದ್ದರು. ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿದವನು ಆ ಮೂರು ವಾರದಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏನು ಬದಲಾಯಿತು ಎಂಬುದನ್ನು ನೋಡೋಣ. ಬ್ರಿಟನ್ನಿಗೆ ಓದಲು ಹೋಗುವವರಿಗೆ ಹಿಂದೆ ಎರಡು ವಸ್ತುಗಳು ಸಿಗುತ್ತಿದ್ದವು. ಇಲ್ಲಿಂದ ಹೊರಡುವಾಗ ಪಾಸ್‌ಪೋರ್ಟಿನಲ್ಲಿ 90 ದಿನದ ಒಂದು ಸ್ಟಿಕ್ಕರ್. ಅಲ್ಲಿಗೆ ಹೋದ ಮೇಲೆ ಬಿಆರ್‌ಪಿ ಎಂಬ ಫೋಟೋ ಇರುವ ಕಾರ್ಡು. ಆ ಕಾರ್ಡನ್ನು ಕೊಡುವುದನ್ನು 2024ರ ಅಕ್ಟೋಬರ್ 31ಕ್ಕೆ ನಿಲ್ಲಿಸಿದರು. ಹಳೆಯ ಕಾರ್ಡುಗಳಲ್ಲಿ ಬಹುಪಾಲಿನ ಮೇಲೆ 2024ರ ಡಿಸೆಂಬರ್ 31 ಎಂದೇ ಕೊನೆಯ ದಿನಾಂಕ ಅಚ್ಚಾಗಿತ್ತು, ಓದಲು ಕೊಟ್ಟ ಅನುಮತಿ ಅದಕ್ಕಿಂತ ಮುಂದಿನವರೆಗೆ ಇದ್ದರೂ. ಮಗನ ವೀಸಾ ಮುಗಿದೇ ಹೋಯಿತೇ ಎಂದು ಗಾಬರಿಯಾದ ಮನೆಗಳು ಆಗ ಕಡಿಮೆ ಇರಲಿಲ್ಲ. ಮುಗಿದದ್ದು ಕಾರ್ಡು, ಅನುಮತಿ ಮುಗಿದಿರಲಿಲ್ಲ. ಆಮೇಲೆ 2025ರ ಜುಲೈ 15ರಿಂದ, ಓದಲು ಹೋಗುವ ಬಹುಪಾಲು ಮುಖ್ಯ ಅರ್ಜಿದಾರರಿಗೆ ಪಾಸ್‌ಪೋರ್ಟಿನ ಸ್ಟಿಕ್ಕರನ್ನೂ ತೆಗೆದುಬಿಟ್ಟರು. ನಮ್ಮ ಹುಡುಗಿ ಅರ್ಜಿ ಹಾಕಿದ್ದು ಅದರ ಬೆನ್ನಲ್ಲೇ. ಈಗ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಫೋಟೋ ಕೊಟ್ಟು ಬಂದರೆ, ತೀರ್ಮಾನ ಇಮೇಲಿನಲ್ಲಿ ಬರುತ್ತದೆ. ವೀಸಾ ಎನ್ನುವುದು ಬ್ರಿಟನ್ ಸರ್ಕಾರದ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಯ ಹೆಸರಿನಲ್ಲಿರುವ ಒಂದು ದಾಖಲೆ. ಅದಕ್ಕೆ ಇ-ವೀಸಾ ಎಂದು ಹೆಸರು.

ಇದು ಅರ್ಥವಾಗದವರು ನಮ್ಮ ಪಹಣಿಯನ್ನು ನೆನೆಯಿರಿ. ಹಿಂದೆ ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಕೈಬರಹ. 2002ರ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಅದು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಸೇರಿತು, ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದಾಯಿತು. 15 ರೂಪಾಯಿ ಕೊಟ್ಟು ಬೇಲೂರಿನಲ್ಲಿ ಪ್ರಿಂಟ್ ತೆಗೆಸಿದ್ದು ನಿಮಗೂ ನೆನಪಿರಬಹುದು. ಕೈಯಲ್ಲಿದ್ದ ಕಾಗದ ಹಳೆಯದಾದರೂ ಜಮೀನು ಎಲ್ಲಿಗೂ ಹೋಗಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಒಂದು ಅಕ್ಷರ ತಪ್ಪಾಗಿ ಕೂತವರು ಅದನ್ನು ಸರಿಪಡಿಸಲು ಎಷ್ಟು ಅಲೆದರು ಎಂಬುದೂ ನಿಮಗೆ ಗೊತ್ತು. ಇ-ವೀಸಾದ ಅನುಕೂಲ, ಅಪಾಯ ಎರಡೂ ಅಷ್ಟೇ.

ಬ್ರಿಟನ್ ಒಂದೇ ಹೀಗೆ ಮಾಡಿದೆ ಎಂದೂ ತಿಳಿಯಬೇಡಿ. ಸೌದಿ ಅರೇಬಿಯಾ 2023ರ ಮೇ 1ರಿಂದ ಭಾರತವೂ ಸೇರಿ ಏಳು ದೇಶಗಳವರಿಗೆ ಸ್ಟಿಕ್ಕರ್ ಬಿಟ್ಟು ಕ್ಯೂಆರ್ ಕೋಡ್ ಇರುವ ಕಾಗದ ಕೊಡುತ್ತಿದೆ. ಕೆಲಸಕ್ಕೆ ಹೋದ ನಮ್ಮವರು ಅದನ್ನು ನೋಡಿದ್ದಾರೆ. ಆಸ್ಟ್ರೇಲಿಯಾ 2015ರಲ್ಲೇ ವೀಸಾ ಚೀಟಿ ಅಂಟಿಸುವುದನ್ನು ಬಿಟ್ಟಿತು. ಅಮೆರಿಕ ಇನ್ನೂ ಪಾಸ್‌ಪೋರ್ಟಿನಲ್ಲಿ ಅಂಟಿಸುತ್ತದೆ. ಆದ್ದರಿಂದ ಒಂದು ದೇಶಕ್ಕೆ ಹೋದವರ ಅನುಭವವನ್ನು ಇನ್ನೊಂದು ದೇಶಕ್ಕೆ ಹೊರಟವರು ನಂಬಿಕೊಂಡು ಕೂರುವಂತಿಲ್ಲ.

ಈಗ ಮುಖ್ಯವಾದ ಮಾತು: ಕಾಗದವೇ ಇಲ್ಲದ ಮೇಲೆ ವೀಸಾ ಇದೆ ಎಂದು ತೋರಿಸುವುದು ಹೇಗೆ? ವಿದ್ಯಾರ್ಥಿಗೆ ಯುಕೆವಿಐ ಎಂಬ ಒಂದು ಅಕೌಂಟ್ ಇರುತ್ತದೆ. ಅದಕ್ಕೆ ಶುಲ್ಕವಿಲ್ಲ. ಒಳಗೆ ಹೋಗಲು ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನಾಂಕ ಕೊಡಬೇಕು. ಆಮೇಲೆ ಇಮೇಲಿಗೋ ಫೋನಿಗೋ ಒಂದು ಒಟಿಪಿ ಬರುತ್ತದೆ. ಒಳಗೆ ಹೋದರೆ ತನ್ನ ಫೋಟೋ, ಯಾವ ದಿನದಿಂದ ಯಾವ ದಿನದವರೆಗೆ ಅನುಮತಿ, ಏನು ಮಾಡಬಹುದು ಏನು ಮಾಡಬಾರದು ಎಲ್ಲವೂ ಕಾಣುತ್ತದೆ. ಬೇರೆಯವರಿಗೆ ತೋರಿಸಬೇಕಾದಾಗ ಅಲ್ಲಿಂದಲೇ ಶೇರ್ ಕೋಡ್ ಎಂಬ ಒಂಬತ್ತು ಅಕ್ಷರ-ಅಂಕಿಗಳ ಗುರುತನ್ನು ತೆಗೆಯಬೇಕು. ನೋಡುವವರು ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಆ ಕೋಡನ್ನೂ ವಿದ್ಯಾರ್ಥಿಯ ಹುಟ್ಟಿದ ದಿನಾಂಕವನ್ನೂ ಹಾಕಿದರೆ ದಾಖಲೆ ಅವರ ಕಣ್ಣೆದುರಿಗೇ ತೆರೆಯುತ್ತದೆ. ಕೋಡ್ 90 ದಿನ ನಡೆಯುತ್ತದೆ, ಮುಗಿದರೆ ಮತ್ತೊಂದು ತೆಗೆಯಬಹುದು.

ಕೋಡಿನಲ್ಲೂ ಮೂರು ಬಗೆ. ಕೆಲಸ ಕೊಡುವವರಿಗೆ ಕೊಡುವುದು ಡಬ್ಲ್ಯೂ ಅಕ್ಷರದಿಂದ, ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡುವವರಿಗೆ ಕೊಡುವುದು ಆರ್ ಅಕ್ಷರದಿಂದ, ಉಳಿದ ಎಲ್ಲದಕ್ಕೂ ಕೊಡುವುದು ಎಸ್ ಅಕ್ಷರದಿಂದ ಆರಂಭವಾಗುತ್ತದೆ. ನಮ್ಮಂಥ ಟ್ರಸ್ಟಿಗೆ ಬೇಕಾದದ್ದು ಎಸ್ ಕೋಡ್. ಮನೆ ಮಾಲೀಕನಿಗೆ ಎಸ್ ಕೋಡ್ ಕೊಟ್ಟು, ಅವನು ಆಗುವುದಿಲ್ಲ ಎಂದಾಗ ಊರಿಗೆ ಫೋನ್ ಮಾಡಿ ಅಳುವುದು ಬೇಡ.

ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ್ದು ಒಂದಿದೆ. ಜೆರಾಕ್ಸ್ ನೋಡಿ ಅದು ಅಸಲಿಯೋ ನಕಲಿಯೋ ಎಂದು ತಿಳಿಯುವ ಶಕ್ತಿ ನಮಗೆ ಎಂದೂ ಇರಲಿಲ್ಲ. ಇಷ್ಟು ವರ್ಷ ಬರೀ ಕಾಗದ ನಂಬಿ ಮೊಹರು ಒತ್ತಿದ್ದೇವೆ. ಶೇರ್ ಕೋಡ್ ಇದ್ದರೆ ಬಿಕ್ಕೋಡಿನಲ್ಲಿ ಕೂತು ಆ ಸರ್ಕಾರದ ದಾಖಲೆಯನ್ನೇ ನೋಡಬಹುದು. ದಾನಿಗಳಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಕೊಡಲಾರೆವು.

ಹಾಗಾದರೆ ನಮ್ಮ ಹುಡುಗಿ ಮೊದಲ ದಿನವೇ ಕೋಡ್ ಯಾಕೆ ಕೊಡಲಿಲ್ಲ? ಅವಳ ಅರ್ಜಿ ತುಂಬಿದ್ದು ಒಬ್ಬ ಏಜೆಂಟ್. ಅವಳ ಇಮೇಲಿನ ಜಾಗದಲ್ಲಿ ಆತ ತನ್ನದೇ ಇಮೇಲ್ ಹಾಕಿದ್ದ. ತೀರ್ಮಾನ ಬಂದದ್ದು ಅವನಿಗೆ, ಅಕೌಂಟಿನ ಕಾಗದ ಹೋದದ್ದು ಅವನಿಗೆ. ನಮಗೆ ತೋರಿಸಿದ ಪ್ರಿಂಟೂ ಅವನು ಕೊಟ್ಟದ್ದೇ. "ವೀಸಾ ಡೌನ್‌ಲೋಡ್" ಮಾಡಿಕೊಡಲು ಇನ್ನಷ್ಟು ದುಡ್ಡು ಕೇಳುತ್ತಿದ್ದ. ಉಚಿತವಾಗಿ ಸಿಗುವುದಕ್ಕೆ ಆ ತಾಯಿ ಹೊಲಿಗೆ ಮಿಷನ್ ಅಡ ಇಡುವ ಮಾತಾಡುತ್ತಿದ್ದರು. ಪುಣ್ಯಕ್ಕೆ ಫೋನ್ ನಂಬರ್ ಹುಡುಗಿಯದೇ ಇತ್ತು. ಬೇಲೂರಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಕಂಪ್ಯೂಟರ್ ಅಂಗಡಿಯಲ್ಲಿ ನಾವು ಮೂವರೂ ಕೂತೆವು. ಒಟಿಪಿ ಅವಳ ಫೋನಿಗೇ ಬಂತು. ಪರದೆಯ ಮೇಲೆ ಅವಳ ಮುಖ ಕಂಡಾಗ ತಾಯಿ ಎದ್ದು ನಿಂತರು. ನಾನು ತಲೆ ತಗ್ಗಿಸಿದೆ. ಆಮೇಲೆ ಅವಳ ಸ್ವಂತ ಇಮೇಲನ್ನು ಅಕೌಂಟಿಗೆ ಸೇರಿಸಿ, ಏಜೆಂಟಿನದನ್ನು ತೆಗೆದೆವು. ಕಂತು ಮರುದಿನವೇ ಬಿಡುಗಡೆಯಾಯಿತು. ತರಗತಿ ಶುರುವಾಗಿ ನಾಲ್ಕು ದಿನಕ್ಕೆ ಅವಳು ತಲುಪಿದಳು. ದಾಖಲಾತಿಯ ಕೊನೆಯ ದಿನ ಇನ್ನೂ ದಾಟಿರಲಿಲ್ಲ.

ಆದ್ದರಿಂದ ಮನೆಯವರಿಗೆ ನಾನು ಕೈ ಮುಗಿದು ಹೇಳುವುದು: ಅರ್ಜಿ ಯಾರೇ ತುಂಬಲಿ, ಇಮೇಲ್ ಮಗುವಿನದೇ ಇರಲಿ, ಪಾಸ್‌ವರ್ಡ್ ಮಗುವಿಗೇ ಗೊತ್ತಿರಲಿ. ಫೋನ್ ನಂಬರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಸಿಮ್ ಕೊಟ್ಟು ಹೋಗುತ್ತಾರೆ, ಅಲ್ಲಿ ಹೊಸ ಸಿಮ್ ಹಾಕುತ್ತಾರೆ, ಇಲ್ಲಿನದಕ್ಕೆ ರೀಚಾರ್ಜ್ ಮಾಡುವುದನ್ನು ಮರೆಯುತ್ತಾರೆ. ತಿಂಗಳುಗಟ್ಟಲೆ ಬಳಸದ ಪ್ರೀಪೇಯ್ಡ್ ನಂಬರನ್ನು ಕಂಪನಿಯವರು ನಿಲ್ಲಿಸಿ ಬೇರೆಯವರಿಗೆ ಕೊಡಬಹುದು. ಅಕೌಂಟಿನ ಒಟಿಪಿ ಆ ನಂಬರಿಗೇ ಹೋಗುತ್ತಿದ್ದರೆ ಏನಾದೀತು, ಯೋಚಿಸಿ. ಹೊಸ ನಂಬರ್ ಬಂದ ವಾರದಲ್ಲೇ ಅಕೌಂಟಿನಲ್ಲಿ ಬದಲಾಯಿಸಬೇಕು. ಪಾಸ್‌ಪೋರ್ಟ್ ನವೀಕರಿಸಿದರೂ ಅಷ್ಟೇ, ಹೊಸ ಪಾಸ್‌ಪೋರ್ಟಿನ ವಿವರ ಸೇರಿಸದೆ ವಿಮಾನ ಹತ್ತಲು ಹೋಗಬಾರದು, ಏಕೆಂದರೆ ವೀಸಾ ಗಂಟು ಬಿದ್ದಿರುವುದು ಆ ಪುಸ್ತಕದ ನಂಬರಿಗೆ.

ಇನ್ನು ಹೆಸರಿನ ಮಾತು. ಇದರಲ್ಲಿ ನಾವು ಮೇಷ್ಟ್ರುಗಳೂ ಅಪರಾಧಿಗಳೇ. ದಾಖಲಾತಿ ಪುಸ್ತಕದಲ್ಲಿ ಒಬ್ಬನನ್ನು ಮಹಮದ್ ಎಂದೂ ಅವನ ತಮ್ಮನನ್ನು ಮೊಹಮ್ಮದ್ ಎಂದೂ ಬರೆದವನು ನಾನೇ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮನೆಯಲ್ಲಿ ಹೇಳುವ ಹುಟ್ಟಿದ ದಿನ ಒಂದು, ಶಾಲೆಗೆ ಸೇರಿಸಲು ಬರೆಸಿದ ದಿನ ಇನ್ನೊಂದು. ಆ ತಪ್ಪು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗಿ, ಅಲ್ಲಿಂದ ಆಧಾರಿಗೋ ಪಾಸ್‌ಪೋರ್ಟಿಗೋ ಬೇರೆ ಬೇರೆ ರೂಪದಲ್ಲಿ ಇಳಿಯುತ್ತದೆ. ಇ-ವೀಸಾ ಪಾಸ್‌ಪೋರ್ಟನ್ನು ಹಿಂಬಾಲಿಸುತ್ತದೆ. ಶೇರ್ ಕೋಡ್ ತೆರೆಯುವುದೂ ಅದೇ ಹುಟ್ಟಿದ ದಿನಾಂಕಕ್ಕೆ. ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗುವ ಮೊದಲೇ ಅಂಕಪಟ್ಟಿ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಪಿಯುಸಿ ಓದುತ್ತಿರುವಾಗಲೇ ಈ ಕೆಲಸ ಮಾಡಿದವರು ಮುಂದೆ ನೆಮ್ಮದಿಯಾಗಿರುತ್ತಾರೆ. ಇ-ವೀಸಾದಲ್ಲೇ ತಪ್ಪು ಬಿದ್ದಿದ್ದರೆ ತಿದ್ದಲು ಕೇಳಿಕೊಳ್ಳುವ ದಾರಿ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿದೆ. ಅದನ್ನು ಟಿಕೆಟ್ ಕೊಳ್ಳುವ ಮೊದಲು ನೋಡಬೇಕು. ಆರಂಭದ ದಿನಾಂಕವನ್ನೂ ನೋಡಿ. ಆ ದಿನಕ್ಕೆ ಮೊದಲು ಅಲ್ಲಿ ಇಳಿಯುವಂತಿಲ್ಲ. ಟಿಕೆಟ್ ಅಗ್ಗ ಎಂದು ಎರಡು ದಿನ ಮುಂಚೆ ಹೊರಡುವುದು ದುಬಾರಿಯಾದೀತು.

ಎಲ್ಲವೂ ಸರ್ಕಾರದ ಕಂಪ್ಯೂಟರಿನಲ್ಲಿದೆಯಲ್ಲ, ನಾವೇಕೆ ಏನನ್ನಾದರೂ ಇಟ್ಟುಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಅದೇ ಬ್ರಿಟನ್ನಿನಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. 1948ರಲ್ಲಿ ವಿಂಡ್‌ರಷ್ ಎಂಬ ಹಡಗು ವೆಸ್ಟ್ ಇಂಡೀಸಿನಿಂದ ಜನರನ್ನು ಕರೆತಂದಿತು. ನಂತರದ ವರ್ಷಗಳಲ್ಲಿ ಇನ್ನೂ ಎಷ್ಟೋ ಜನ ಬಂದು ನೆಲೆಸಿದರು. ಅವರು ಬಂದಿಳಿದದ್ದಕ್ಕೆ ಇದ್ದ ಹಳೆಯ ಚೀಟಿಗಳನ್ನು ಅಲ್ಲಿನ ಗೃಹ ಇಲಾಖೆ 2010ರಲ್ಲಿ ನಾಶಮಾಡಿತ್ತು. ಹತ್ತಾರು ವರ್ಷ ಅಲ್ಲೇ ದುಡಿದು ತೆರಿಗೆ ಕಟ್ಟಿದವರು ಆಮೇಲೆ ತಮ್ಮ ಹಕ್ಕಿಗೆ ಸಾಕ್ಷಿ ಎಲ್ಲಿ ಎಂಬ ಪ್ರಶ್ನೆ ಎದುರಿಸಬೇಕಾಯಿತು. ಕೆಲವರು ಕೆಲಸ ಕಳೆದುಕೊಂಡರು, ಕೆಲವರನ್ನು ಗಡೀಪಾರು ಮಾಡಿದರು. 2018ರಲ್ಲಿ ಅದು ದೊಡ್ಡ ಹಗರಣವಾಗಿ ಸರ್ಕಾರ ಕ್ಷಮೆ ಕೇಳಿತು. ಕಚೇರಿಯವರ ಬಳಿ ಇದೆ ಎಂದು ನಾವು ಕೈ ತೊಳೆದುಕೊಳ್ಳಬಾರದು. ತೀರ್ಮಾನದ ಪತ್ರ, ವಿಶ್ವವಿದ್ಯಾಲಯದ ಪತ್ರ, ಅರ್ಜಿಯ ನಂಬರ್, ಫೀಸಿನ ರಸೀದಿ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ: ಇವಿಷ್ಟರ ಪ್ರತಿ ಮನೆಯಲ್ಲಿರಲಿ. ಹೊರಡುವ ದಿನ ಹೊಸ ಶೇರ್ ಕೋಡನ್ನು ಚೀಟಿಯಲ್ಲಿ ಬರೆದು ಕೊಡಿ. ವಿಮಾನ ನಿಲ್ದಾಣದಲ್ಲಿ ಫೋನಿನ ಚಾರ್ಜ್ ಮುಗಿದೀತು.

ಈ ವರ್ಷದಿಂದ ನಮ್ಮ ಅರ್ಜಿ ನಮೂನೆ ಬದಲಾಗಿದೆ. "ವೀಸಾ ಪುಟದ ಜೆರಾಕ್ಸ್" ಎಂದಿದ್ದಲ್ಲಿ "ವೀಸಾ ಪುಟದ ಜೆರಾಕ್ಸ್ ಅಥವಾ ಶೇರ್ ಕೋಡ್" ಎಂದು ಸೇರಿಸಿದ್ದೇವೆ. ಬ್ರಿಟನ್ನಿಗೆ ಹೋಗುವವರು ಎಸ್ ಕೋಡನ್ನು ಸಮಿತಿ ಸೇರುವ ವಾರದಲ್ಲಿ ತೆಗೆದು ಕಚೇರಿಗೆ ಮಾತ್ರ ತಿಳಿಸಿ. ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಹುಟ್ಟಿದ ದಿನಾಂಕ ಬಲ್ಲ ಯಾರು ಬೇಕಾದರೂ ನಿಮ್ಮ ಮಗುವಿನ ದಾಖಲೆ ತೆರೆದು ನೋಡಿಯಾರು. ಸಮಿತಿಯ ಇಬ್ಬರು ಸದಸ್ಯರು ಒಟ್ಟಿಗೆ ಕೂತು ನೋಡಿ, ನೋಡಿದ ದಿನಾಂಕ ಬರೆದು ಸಹಿ ಹಾಕುತ್ತಾರೆ. ಕೋಡನ್ನು ಕಡತದಲ್ಲಿ ಇಡುವುದಿಲ್ಲ.

ಆ ದಿನ ಬೇಲೂರಿನ ಅಂಗಡಿಯಿಂದ ಏಳುವಾಗ ಹುಡುಗಿಯ ತಾಯಿ, "ಮಾಸ್ಟರ್ ಸಾಬ್, ಇದರದ್ದೊಂದು ಪ್ರಿಂಟ್ ಕೊಡಿಸಿ, ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ" ಎಂದರು. ಆ ಪ್ರಿಂಟಿಗೆ ಯಾವ ಕಚೇರಿಯಲ್ಲೂ ಬೆಲೆ ಇಲ್ಲ, ಅದು ನನಗೂ ಅಷ್ಟರಲ್ಲಿ ತಿಳಿದಿತ್ತು. ಬಣ್ಣದಲ್ಲೇ ತೆಗೆಸಿಕೊಟ್ಟೆ. ಮಗಳ ಫೋಟೋ ಚೆನ್ನಾಗಿ ಬಂದಿತ್ತು.

ಇ-ವೀಸಾ ವಿಷಯದಲ್ಲಿ ಸಂದೇಹ ಇರುವವರು ಯಾವುದೇ ಭಾನುವಾರ ಅಸರ್ ನಂತರ ಕಚೇರಿಗೆ ಬನ್ನಿ. ಪಾಸ್‌ಪೋರ್ಟ್ ತನ್ನಿ, ಒಟಿಪಿ ಬರುವ ಫೋನನ್ನೂ ತನ್ನಿ. ಏಜೆಂಟರ ಮೂಲಕ ಅರ್ಜಿ ಹಾಕಿದವರು ಅರ್ಜಿಯಲ್ಲಿ ಯಾರ ಇಮೇಲ್ ಇದೆ ಎಂದು ಕೇಳಿಕೊಂಡೇ ಬನ್ನಿ.