ಬೀದಿ ಚಿತ್ರ ಕಲಿಯಲು ಪಂಚನಹಳ್ಳಿಯೇ ಸಾಕು

ಬೀದಿ ಛಾಯಾಗ್ರಹಣ ಎಂದರೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಎಂದುಕೊಂಡವರು ಕಡೂರು ಸೀಮೆಯಲ್ಲೂ ಬಹಳ. ರೈಲು ಹತ್ತಿ ಹೋಗುತ್ತಾರೆ, ಹೂವಿನ ರಾಶಿಯನ್ನು ಎಲ್ಲರೂ ತೆಗೆದ ಹಾಗೆಯೇ ತೆಗೆದು ಬರುತ್ತಾರೆ. ವರ್ಷ ತುಂಬುವುದರೊಳಗೆ ಬೇಸರ ಬಂದು ಕ್ಯಾಮೆರಾ ಬೀರು ಸೇರುತ್ತದೆ. ಪಂಚನಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ ಬಸ್ ನಿಲ್ಲುವ ಜಾಗ, ಟೀ ಅಂಗಡಿ, ಸಂತೆ, ತೆಂಗಿನಕಾಯಿ ಹೇರುವ ಲಾರಿ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲೇ ಇರುತ್ತವೆ. ಗುರುವಿಲ್ಲದೆ ಕಲಿಯುವವರಿಗೆ ಅಷ್ಟು ಸಾಕು. ಕ್ರಮ ಮಾತ್ರ ತಪ್ಪಬಾರದು.

1. ಒಂದೇ ಬೀದಿ, ಒಂದೇ ಲೆನ್ಸ್

ಮೊಬೈಲ್ ಇದ್ದರೆ ಮುಖ್ಯ ಲೆನ್ಸನ್ನಷ್ಟೇ ಬಳಸಿ. ಎರಡು ಬೆರಳಲ್ಲಿ ಹಿಗ್ಗಿಸುವ ಜೂಮ್ ಬೇಡ. ಹೆಚ್ಚಿನ ಫೋನ್‌ಗಳಲ್ಲಿ ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ, ಅಷ್ಟೇ. ಕ್ಯಾಮೆರಾ ಇದ್ದರೆ 35 ಅಥವಾ 50 ಎಂಎಂ ಲೆನ್ಸ್ ಹಾಕಿ ಒಂದು ವರ್ಷ ಬದಲಿಸದೆ ಇರಿ. ಐದು ಅಡಿ ದೂರದಿಂದ ಚೌಕಟ್ಟಿಗೆ ಎಷ್ಟು ಬರುತ್ತದೆ ಎಂಬುದು ಕ್ಯಾಮೆರಾ ಎತ್ತುವ ಮೊದಲೇ ಕಣ್ಣಿಗೆ ಗೊತ್ತಾಗಬೇಕು. ನಡೆಯುವವರಿಗೆ ಶಟರ್ 1/250 ಸೆಕೆಂಡ್, ಬೈಕಿಗೆ 1/500. ಐಎಸ್‌ಒ ಆಟೊದಲ್ಲಿರಲಿ.

2. ಬಿಸಿಲು ನೋಡಿ ಹೊರಡಿ

ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ. ನಮ್ಮ ಕಡೆ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ಮಧ್ಯದಲ್ಲೂ ನಡುಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ಆಗ ಬಯಲಲ್ಲಿ ನಿಂತವರ ಕಣ್ಣುಗಳೇ ಕಾಣುವುದಿಲ್ಲ, ಬರೀ ಕಪ್ಪು ಗುಳಿ. ಅಂಥ ಹೊತ್ತಿನಲ್ಲಿ ಜಗಲಿ, ತಗಡಿನ ಸೂರಿನ ಕೆಳಗೆ ಬನ್ನಿ. ನೆಲಕ್ಕೆ ಬಡಿದ ಬಿಸಿಲು ಅಲ್ಲಿ ಮೆತ್ತಗೆ ಮುಖದ ಮೇಲೆ ಬೀಳುತ್ತದೆ.

3. ಮೊದಲ ಫೋಟೊ ಅವರದು

ಯಾರಿಗೂ ಕಾಣದ ಹಾಗೆ ತೆಗೆಯಿರಿ ಎನ್ನುವುದು ನಗರದವರ ಪಾಠ. ಇಲ್ಲಿ ನೀವು ಯಾರ ಮನೆಯವರು ಎಂಬುದು ಬೀದಿಗೆಲ್ಲ ಗೊತ್ತು. ಕದ್ದು ತೆಗೆದರೆ ಸಂಜೆಯೊಳಗೆ ಮನೆಗೆ ದೂರು ಬರುತ್ತದೆ. ಕ್ಯಾಮೆರಾ ಕಂಡರೆ ಸಂತೆಯ ಯಜಮಾನರು ಹೆಗಲ ಟವೆಲ್ ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಾರೆ. ನಿಲ್ಲಲಿ. ಆ ಫೋಟೊ ತೆಗೆದು ತೋರಿಸಿ, ಅಲ್ಲೇ ಕುಳಿತುಕೊಳ್ಳಿ. ಸ್ವಲ್ಪ ಹೊತ್ತಿಗೆ ತಕ್ಕಡಿ, ಚೌಕಾಸಿ, ಬೈಗುಳ ಎಲ್ಲ ಮರಳಿ ಶುರುವಾಗುತ್ತದೆ. ನಿಮ್ಮ ಚಿತ್ರ ಸಿಗುವುದು ಆಗ. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರಕ್ಕೆ ಕಾಯುತ್ತಿದ್ದುದನ್ನು ಅವರ ಓದುಗರು ಬಲ್ಲರು. ಮನುಷ್ಯರಿಗೂ ಅಷ್ಟೇ ಕಾಯಬೇಕು.

ಮುಂದಿನ ಸಂತೆಗೆ ಒಂದು ಪ್ರಿಂಟ್ ಕೊಡಿ. ‘ಬೇಡ ಕಣಪ್ಪಾ’ ಎಂದವರ ಚಿತ್ರ ಬೇಡ. ಮಕ್ಕಳದಾದರೆ ಮನೆಯವರನ್ನು ಕೇಳಿ.

4. ಮೂಲ ಫೈಲ್ ಉಳಿಸಿ

ಹೆಚ್ಚಿನವರು ಎಡವುವುದು ಇಲ್ಲಿ. ಒಳ್ಳೆಯ ಚಿತ್ರ ನೋಡಿ ‘ಮೂಲ ಕಳಿಸಿ’ ಎಂದರೆ, ‘ಸರ್, ಸ್ಟೇಟಸ್‌ಗೆ ಹಾಕಿದ್ದು ಮಾತ್ರ ಇದೆ, ಫೋನ್ ಬದಲಾಯ್ತು’ ಎಂಬ ಉತ್ತರ ಬರುತ್ತದೆ. ಇಷ್ಟು ಸಲ ಕೇಳಿಯೂ ನನಗೆ ಇದು ಅಭ್ಯಾಸವಾಗಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ಸುಮಾರು 1600 ಪಿಕ್ಸೆಲ್ ಉದ್ದಕ್ಕೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿದರೆ ಅದು ಐದೂಕಾಲು ಇಂಚಿಗೇ ಮುಗಿಯಿತು. 12 ಮೆಗಾಪಿಕ್ಸೆಲ್‌ನ ಮೂಲ ಚಿತ್ರದ 4000 ಪಿಕ್ಸೆಲ್ ಹದಿಮೂರು ಇಂಚಿನವರೆಗೆ ಬರುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ: ಫೈಲಿನೊಳಗೆ ಕ್ಯಾಮೆರಾ ಬರೆದಿಟ್ಟ ದಿನಾಂಕವೂ ಹೋಗುತ್ತದೆ. ಎಚ್‌ಡಿ ಆಯ್ಕೆ ಒತ್ತಿದರೂ ಚಿತ್ರ ಕುಗ್ಗುವುದು ಪೂರ್ತಿ ತಪ್ಪುವುದಿಲ್ಲ. ಕಳಿಸಲೇಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ದಿನಾಂಕ ಯಾಕೆ ಬೇಕು ಎನ್ನುವವರು ಅಜ್ಜಂಪುರ ನೋಡಲಿ. ಅದು ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಅಂಗಡಿ ಬೋರ್ಡುಗಳ ‘ತರೀಕೆರೆ ತಾ.’ ಅಳಿಯತೊಡಗಿತು. ಹಳೆಯ ಬೋರ್ಡು, ಹೊಸ ಬೋರ್ಡು ಎರಡನ್ನೂ ದಿನಾಂಕ ಸಮೇತ ಇಟ್ಟವರ ಹತ್ತಿರ ಒಂದು ಚರಿತ್ರೆಯೇ ಇದೆ. 2016ರ ನವೆಂಬರಿನಲ್ಲಿ ನೋಟು ಬದಲಿಸಲು ಬ್ಯಾಂಕಿನ ಮುಂದೆ ನಿಂತ ಸಾಲು, 2020ರ ಲಾಕ್‌ಡೌನ್‌ನ ಖಾಲಿ ಬೀದಿ ಕೂಡ ಹಾಗೆಯೇ. ಎಷ್ಟು ದುಡ್ಡು ಕೊಟ್ಟರೂ ಅವನ್ನು ಇನ್ನೊಮ್ಮೆ ತೆಗೆಯಲಾಗದು.

ಹಾಗಾಗಿ ಪ್ರತಿ ಭಾನುವಾರ ಹೀಗೆ ಮಾಡಿ:

• ಕೇಬಲ್ ಹಾಕಿ ಫೋನಿನ ಮೂಲ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿ. ಕಂಪ್ಯೂಟರ್ ಇಲ್ಲದವರು ಒಟಿಜಿ ಪೆನ್‌ಡ್ರೈವ್‌ಗೆ ಹಾಕಲಿ.
• ಫೋಲ್ಡರಿನ ಹೆಸರು ವರ್ಷದಿಂದ ಶುರುವಾಗಲಿ: ‘2025-03-ಸಂತೆ’.
• ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ, ಆಗುವುದಾದರೆ ನೆಂಟರ ಮನೆಯಲ್ಲಿ. ಗೂಗಲ್‌ನ ಉಚಿತ 15 ಜಿಬಿ ಜಾಗದಲ್ಲಿ ಮೇಲ್‌ಗೂ ಪಾಲಿದೆ, ಅದನ್ನೊಂದನ್ನೇ ನಂಬಬೇಡಿ.
• ನೋಟ್‌ಬುಕ್ಕಿನಲ್ಲಿ ಊರು, ದಿನ, ಚಿತ್ರದಲ್ಲಿರುವವರ ಹೆಸರು ಬರೆದಿಡಿ.
• ಎರಡು ಕಡೆ ಪ್ರತಿ ಇರುವುದನ್ನು ತೆರೆದು ನೋಡಿದ ಮೇಲೆಯೇ ಫೋನಿನಿಂದ ಅಳಿಸಿ. ಸಂತೆಯಲ್ಲಿ ನಿಂತು ಅಳಿಸುವ ಚಟ ಬಿಡಿ. ಇಂದು ಸಪ್ಪೆ ಎನಿಸಿದ್ದು ಐದು ವರ್ಷಕ್ಕೆ ಬೆಲೆ ಕಟ್ಟಲಾಗದ್ದಾಗಬಹುದು.

5. ವರ್ಷಕ್ಕೊಮ್ಮೆ ಹನ್ನೆರಡು

ಯುಗಾದಿ ಹೊತ್ತಿಗೆ ವರ್ಷದ ಹನ್ನೆರಡು ಚಿತ್ರ ಆರಿಸಿ ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಿಸಿ, ಹಿಂದಿನ ವರ್ಷದ್ದರ ಪಕ್ಕ ನೆಲದ ಮೇಲೆ ಹರಡಿ. ಮತ್ತೆ ಮತ್ತೆ ಬರುವ ದೋಷ ತಾನೇ ಕಾಣುತ್ತದೆ: ಎಲ್ಲರೂ ಬೆನ್ನು ತೋರಿಸುತ್ತಿದ್ದಾರೆಯೇ? ಎಲ್ಲವೂ ನಿಂತ ಎತ್ತರದಿಂದಲೇ ತೆಗೆದಿದ್ದೇ? ಬರುವ ವರ್ಷ ಅದೊಂದನ್ನು ತಿದ್ದಿಕೊಳ್ಳಿ. ಲೈಕುಗಳ ಲೆಕ್ಕ ಇದನ್ನು ಹೇಳುವುದಿಲ್ಲ.

6. ಇನ್ನುಳಿದದ್ದು

ನೋಡಿ ಕಲಿಯಲು: ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳು, ಅದರಲ್ಲೂ ಮಕ್ಕಳವು. ಸೇರಲು: ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ, 1971ರಿಂದ ಇದೆ. ಜಾಹೀರಾತಿಗೆ ಚಿತ್ರ ಕೊಡುವುದಾದರೆ ಅದರಲ್ಲಿರುವವರ ಲಿಖಿತ ಒಪ್ಪಿಗೆ ಪಡೆಯಿರಿ. ಸ್ಪರ್ಧೆಗೆ ಕಳಿಸುವ ಮುನ್ನ ಚಿತ್ರದ ಹಕ್ಕು ಯಾರಿಗೆ ಹೋಗುತ್ತದೆಂಬ ಷರತ್ತು ಓದಿ. ಶುಲ್ಕ ಕಟ್ಟಿದವರಿಗೆಲ್ಲ ಪ್ರಮಾಣಪತ್ರ ಹಂಚುವ ಆನ್‌ಲೈನ್ ಸ್ಪರ್ಧೆಗಳಿಗೆ ಸುರಿಯುವ ದುಡ್ಡಿದ್ದರೆ, ಹಾರ್ಡ್ ಡಿಸ್ಕ್ ಕೊಳ್ಳಿ.