ಕೊಂಬಿನ ತುದಿಯಲ್ಲಿ ಕಣ್ಣು

ಮಳೆ ಕಡಿಮೆಯಾಗುವ ಹೊತ್ತಿಗೆ ಶಿರಸಿ ಕಡೆಯ ನಮ್ಮ ಅಡಿಕೆ ತೋಟದ ಹಳ್ಳದಂಚಿಗೆ ಒಂದು ನೊಣ ಬರುತ್ತದೆ. ನೆರಳಲ್ಲಿ, ಒದ್ದೆ ಕೆಸುವಿನ ಎಲೆಯ ಮೇಲೆ ಕೂರುತ್ತದೆ. ಮನೆನೊಣಕ್ಕಿಂತ ಸಪೂರ. ತಲೆಯ ಎರಡೂ ಪಕ್ಕಕ್ಕೆ ಕಡ್ಡಿಯಂತೆ ಚಾಚಿದ ಕೊಂಬು, ಕೊಂಬಿನ ತುದಿಗೆ ಕಣ್ಣು! ಕೆಲಸಕ್ಕೆ ಬಂದವರು ಇದು ನೊಣವೆಂದು ಒಪ್ಪಲೇ ಇಲ್ಲ. ರೆಕ್ಕೆ ಎಣಿಸಿ ತೋರಿಸಿದೆ. ಜೇನು, ಕಣಜಗಳಿಗೆ ನಾಲ್ಕು, ನೊಣಕ್ಕೆ ಎರಡೇ. ಹಿಂದಿನ ಜೋಡಿಯ ಜಾಗದಲ್ಲಿ ಹಾರುವಾಗ ತೋಲ ಕಾಯುವ ಪುಟ್ಟ ಗುಬುಟುಗಳು.

ಯಾವ ನೊಣ ಎಂಬುದಕ್ಕೆ ಮಾತ್ರ ಇನ್ನಷ್ಟು ನೋಡಬೇಕಾಯಿತು. ಕಣ್ಣು ಹೊರಚಾಚಿದ್ದೆಲ್ಲ ಒಂದೇ ಕುಟುಂಬವಲ್ಲ, ಹಣ್ಣುನೊಣಗಳಲ್ಲೂ ಅಂಥವಿವೆ. ಮೇಲಿನಿಂದ ತೆಗೆದ ಫೋಟೊ ನೋಡಿದ ಪರಿಚಯದ ಕೀಟತಜ್ಞರು ಕೇಳಿದ್ದು ಒಂದೇ: ಕುಡಿಮೀಸೆ ಎಲ್ಲಿದೆ? ಉಳಿದವುಗಳಿಗೆ ಅದು ತಲೆಯ ನಡುವೆ. ಡಯಾಪ್ಸಿಡೇ ಕುಟುಂಬಕ್ಕೆ ಕೊಂಬಿನ ಮೇಲೆಯೇ, ಕಣ್ಣಿನ ಹತ್ತಿರ. ಮರುದಿನ ನಸುಕಿನಲ್ಲಿ, ತಂಪಿಗೆ ನೊಣಗಳು ಇನ್ನೂ ಮಂಕಾಗಿದ್ದಾಗ, ಮೊಬೈಲಿಗೆ ಮ್ಯಾಕ್ರೊ ಲೆನ್ಸ್ ಸಿಕ್ಕಿಸಿ ಎದುರಿನಿಂದ ತೆಗೆದೆ. ಮೀಸೆ ಕೊಂಬಿನ ತುದಿಯಲ್ಲೇ ಇತ್ತು. ಲಿನೇಯಸ್ 1775ರಷ್ಟು ಹಿಂದೆಯೇ ಡಯಾಪ್ಸಿಸ್ ಎಂದು ಹೆಸರಿಟ್ಟ ಬಳಗ ಈ ಕುಟುಂಬದ್ದೇ.

ಹೆಸರು ಸಿಕ್ಕ ಮೇಲೆ ನೋಡುವುದೂ ಬದಲಾಯಿತು. ಎರಡು ಗಂಡುಗಳು ಒಂದೇ ಎಲೆಯಲ್ಲಿ ಮುಖಾಮುಖಿ ನಿಂತು, ಮುಂಗಾಲು ಅಗಲಿಸಿ, ಕಣ್ಣಿಗೆ ಕಣ್ಣು ಹಿಡಿದು ಅಳತೆ ನೋಡಿದವು. ಕೊಂಬು ಗಿಡ್ಡವಿದ್ದದ್ದು ತೆಪ್ಪಗೆ ಸರಿಯಿತು. ನಮ್ಮ ಸೊಸೈಟಿ ಚುನಾವಣೆಗಳೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಈ ಕೊಂಬು ಕೋಶದೊಳಗೆ ಮಡಚಿಕೊಂಡೇ ಇರುತ್ತದಂತೆ. ಹೊರಬಂದ ನೊಣ ಗಾಳಿ ನುಂಗಿ, ಒತ್ತಡ ಕೊಟ್ಟು ಅದನ್ನು ಚಾಚುತ್ತದೆ. ಆಮೇಲೆ ಗಟ್ಟಿಯಾಗುತ್ತದೆ.

ಪಕ್ಕದ ತೋಟದವರಿಗೆ ಇದೆಲ್ಲ ಬೇಡ. “ಔಷಧಿ ಹೊಡೆಯಬೇಕಾ?” ಎಂದರು. ಆಫ್ರಿಕಾದಲ್ಲಿ ಈ ಕುಟುಂಬದ ಕೆಲವು ಭತ್ತದ ಕಾಂಡ ಕೊರೆಯುತ್ತವೆ, ಅದು ನಿಜ. ಹೆಚ್ಚಿನವುಗಳ ಮರಿಗಳು ತಿನ್ನುವುದು ಕೊಳೆತ ಸೊಪ್ಪುಸದೆ. ಪಂಪು ಕೆಳಗಿಳಿಸಿದರು.

ಅಪರೂಪದ ನೊಣ ಕಂಡರೆ ಹಿಡಿದು ಕೊಲ್ಲಬೇಡಿ. ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಫೋಟೊ ತೆಗೆಯಿರಿ. ರೆಕ್ಕೆಯ ನರಗಳು ಕಾಣಲಿ. ತಿಂಗಳು, ಜಾಗ, ಕೂತ ಗಿಡ ಬರೆದಿಡಿ. ಜಾತಿ ತಿಳಿಯದಿದ್ದರೆ ಕುಟುಂಬದ ಹೆಸರಿಗೇ ನಿಲ್ಲಿಸಿ, ಊಹೆಯ ಹೆಸರು ಅಂಟಿಸಬೇಡಿ.